ಮಬ್ಬಾದ ಹೆಡ್‌ಲೈಟ್ ಲೆನ್ಸ್ ಮನೆಯಲ್ಲೇ ತಿಳಿಯಾಗಿಸುವುದು ಹೇಗೆ: ಉಜ್ಜುವುದು ಅರ್ಧ ಕೆಲಸ ಮಾತ್ರ

ಹೆಡ್‌ಲೈಟ್ ಬೆಳಕು ಸಾಲುತ್ತಿಲ್ಲ ಅನ್ನಿಸಿದ ಕೂಡಲೇ ಜನ ಮಾಡುವ ಮೊದಲ ಕೆಲಸ ಬಲ್ಬ್ ಬದಲಾಯಿಸುವುದು. ಇನ್ನೂ ಜಾಸ್ತಿ ವ್ಯಾಟ್‌ನದ್ದು, ಇಲ್ಲಾಂದ್ರೆ ಬೆಳ್ಳಗೆ ಹೊಳೆಯುವ ಎಲ್‌ಇಡಿ. ಹಾಕಿ ನೋಡಿದರೆ ರಸ್ತೆ ಹೆಚ್ಚುಕಮ್ಮಿ ಮೊದಲಿನಷ್ಟೇ ಕತ್ತಲು, ಎದುರಿನಿಂದ ಬರುವವರಿಗೆ ಮಾತ್ರ ಕಣ್ಣು ಕುಕ್ಕುತ್ತದೆ. ಯಾಕಂದ್ರೆ ತೊಂದರೆ ಇರುವುದು ಬಲ್ಬಿನಲ್ಲಲ್ಲ, ಅದರ ಮುಂದೆ ಕೂತಿರುವ ಮಬ್ಬು ಹಿಡಿದ ಪ್ಲಾಸ್ಟಿಕ್‌ನಲ್ಲಿ. ಮಬ್ಬು ಲೆನ್ಸ್ ಬೆಳಕನ್ನು ತಡೆಯುವುದಷ್ಟೇ ಅಲ್ಲ, ಚದುರಿಸಿಬಿಡುತ್ತದೆ. ರಸ್ತೆಗೆ ಬೀಳಬೇಕಾದ ಬೆಳಕು ಮೇಲಕ್ಕೆ, ಪಕ್ಕಕ್ಕೆ, ಎದುರಿನವರ ಮುಖಕ್ಕೆ ಹೋಗುತ್ತದೆ. ಬಲ್ಬ್ ಜೋರಾದಷ್ಟೂ ಈ ಚದುರಾಟವೂ ಜೋರು. ಅಮೆರಿಕದ ವಾಹನ ಸವಾರರ ಸಂಸ್ಥೆ ಎಎಎ 2018ರಲ್ಲಿ ಅಳೆದು ನೋಡಿದಾಗ, ಮಬ್ಬಾದ ಹಳೇ ಹೆಡ್‌ಲೈಟ್‌ಗಳು ಲೋ ಬೀಮ್‌ನಲ್ಲಿ ಹೊಸದರ ಸುಮಾರು ಶೇ. 22ರಷ್ಟು ಬೆಳಕು ಮಾತ್ರ ಕೊಡುತ್ತಿದ್ದವು. ಅದೇ ಲೆನ್ಸ್‌ಗಳನ್ನು ಉಜ್ಜಿ ಸರಿಮಾಡಿದ ಮೇಲೆ ಅದು ಸುಮಾರು ಶೇ. 70ಕ್ಕೆ ಬಂತು. ಪೂರ್ತಿ ಹೊಸದರಷ್ಟು ಆಗಲ್ಲ, ನಿಜ. ಆದರೆ ರಾತ್ರಿ ಗಾಡಿ ಓಡಿಸುವವರಿಗೆ ಆ ವ್ಯತ್ಯಾಸ ಏನು ಅಂತ ಗೊತ್ತಿರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಲೆನ್ಸ್ ಉಜ್ಜಿ ಫಳಫಳ ಮಾಡುವುದು ಕಷ್ಟವೇನಲ್ಲ. ಒಂದು ಮಧ್ಯಾಹ್ನ, ಸ್ವಲ್ಪ ನೀರು, ನಾಲ್ಕೈದು ಬಗೆಯ ವಾಟರ್ ಪೇಪರ್ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ) ಇದ್ದರೆ ಯಾರು ಬೇಕಾದರೂ ಮಾಡಬಹುದು. ಎಷ್ಟೋ ಜನ ಅಷ್ಟಕ್ಕೇ ನಿಲ್ಲಿಸಿ, ಮುಂಚೆ ಮತ್ತು ಆಮೇಲಿನ ಫೋಟೋ ತೆಗೆದು ಖುಷಿಪಡುತ್ತಾರೆ. ಕೆಲವೇ ತಿಂಗಳಲ್ಲಿ ಲೆನ್ಸ್ ಮೊದಲಿಗಿಂತ ಹಳದಿಯಾಗಿರುತ್ತದೆ. ಉಜ್ಜುವುದರಲ್ಲಿ ತಪ್ಪಿಲ್ಲ. ಉಜ್ಜಿದ ಮೇಲೆ ಅದರ ಮೇಲೆ ಏನು ಹಚ್ಚಿದಿರಿ, ಅಥವಾ ಏನೂ ಹಚ್ಚಲಿಲ್ಲ, ಅನ್ನುವುದೇ ಕೆಲಸ ಎಷ್ಟು ದಿನ ಬಾಳುತ್ತದೆ ಅನ್ನುವುದನ್ನು ತೀರ್ಮಾನಿಸುತ್ತದೆ.

ಲೆನ್ಸ್ ಯಾಕೆ ಮಬ್ಬಾಗುತ್ತದೆ

ಈಗಿನ ಹೆಡ್‌ಲೈಟ್ ಲೆನ್ಸ್‌ಗಳು ಪಾಲಿಕಾರ್ಬೋನೇಟ್ ಅನ್ನುವ ಪ್ಲಾಸ್ಟಿಕ್‌ನವು. ಹಿಂದೆ ಗಾಜು ಇರುತ್ತಿತ್ತು. ಗಾಜು ಹಳದಿಯಾಗಲ್ಲ, ಆದರೆ ಭಾರ, ಕಲ್ಲು ಬಡಿದರೆ ಒಡೆಯುತ್ತದೆ, ಬೇಕಾದ ಆಕಾರಕ್ಕೆ ಬಗ್ಗಿಸುವುದೂ ಕಷ್ಟ. ಪಾಲಿಕಾರ್ಬೋನೇಟ್ ಏಟು ತಡೆಯುವುದರಲ್ಲಿ ಗಟ್ಟಿ, ಬಲ್ಬಿನ ಶಾಖಕ್ಕೂ ಜಗ್ಗಲ್ಲ. ಆದರೆ ಅದಕ್ಕೆ ಎರಡು ದೌರ್ಬಲ್ಯ ಇವೆ. ಅದರ ಮೈ ಮೆತ್ತಗೆ, ಸುಲಭವಾಗಿ ಗೀರು ಬೀಳುತ್ತದೆ. ಮತ್ತೆ, ಬಿಸಿಲಿನಲ್ಲಿರುವ ಯುವಿ ಕಿರಣ ಅದಕ್ಕೆ ಆಗಿಬರಲ್ಲ.

ಅದಕ್ಕೇ ಫ್ಯಾಕ್ಟರಿಯಲ್ಲಿ ಲೆನ್ಸ್ ಮೇಲೆ ಒಂದು ಗಟ್ಟಿ ಪಾರದರ್ಶಕ ಕೋಟಿಂಗ್ ಹಾಕಿ ಕಳಿಸುತ್ತಾರೆ. ತಲೆಗೂದಲಿಗಿಂತ ಎಷ್ಟೋ ತೆಳುವಾದ ಪದರ. ಗೀರನ್ನೂ ಯುವಿಯನ್ನೂ ತಡೆಯುವುದು ಅದೇ. ವರ್ಷಗಟ್ಟಲೆ ಬಿಸಿಲು ತಿಂದು, ರಸ್ತೆಯ ಮರಳು, ಧೂಳು, ಒಣ ಬಟ್ಟೆಯ ಒರೆಸಾಟ ಎಲ್ಲ ಸೇರಿ ಆ ಪದರ ಸವೆದು, ಹಳದಿಯಾಗಿ, ಕೊನೆಗೆ ಹೊಪ್ಪಳಿಕೆ ಏಳುತ್ತದೆ. ಲೆನ್ಸಿನ ಮೇಲ್ಭಾಗ ಮೊದಲು ಹಾಳಾಗುವುದು ಗಮನಿಸಿರಬಹುದು, ಬಿಸಿಲು ನೇರ ಬೀಳುವುದು ಅಲ್ಲಿಗೇ ಅಲ್ವಾ. ಹಿಂದಿನ ಕೆಂಪು ಲೈಟ್‌ಗಳು ಇಷ್ಟು ಮಬ್ಬಾಗಲ್ಲ. ಅವು ಸಾಮಾನ್ಯವಾಗಿ ಅಕ್ರಿಲಿಕ್‌ನವು, ಬಿಸಿಲನ್ನು ಚೆನ್ನಾಗಿ ತಡೆಯುತ್ತವೆ. ಆದರೆ ಏಟಿಗೆ ಬೇಗ ಬಿರಿಯುತ್ತವೆ, ಹಾಗಾಗಿ ಮುಂದಕ್ಕೆ ಹಾಕುವುದಿಲ್ಲ.

ಅಂದರೆ ನಾವು ಉಜ್ಜಿ ತೆಗೆಯುತ್ತಿರುವುದು ಬರೀ ಕೊಳೆಯಲ್ಲ. ಸತ್ತುಹೋದ ಆ ರಕ್ಷಣೆಯ ಪದರವನ್ನೇ ತೆಗೆಯುತ್ತಿದ್ದೇವೆ. ಅದರ ಜಾಗಕ್ಕೆ ಇನ್ನೊಂದನ್ನು ಹಾಕದಿದ್ದರೆ ಪ್ಲಾಸ್ಟಿಕ್ ಬಟಾಬಯಲಲ್ಲಿ ನಿಂತ ಹಾಗೆ.

ಮೊದಲು ನೋಡಿ: ಇದು ಸರಿಹೋಗುವ ಕೇಸಾ?

ಪೇಪರ್ ಕೈಗೆತ್ತಿಕೊಳ್ಳುವ ಮುಂಚೆ ಲೆನ್ಸನ್ನು ಶಾಂಪೂ ನೀರಿನಲ್ಲಿ ತೊಳೆಯಿರಿ. ತೊಳೆದ ಮೇಲೆ, ಇನ್ನೂ ಒದ್ದೆ ಇರುವಾಗಲೇ, ದಿಟ್ಟಿಸಿ ನೋಡಿ. ನೀರು ನಿಂತಿರುವಾಗ ಲೆನ್ಸ್ ತಿಳಿಯಾಗಿ ಕಂಡು, ಒಣಗುತ್ತಿದ್ದ ಹಾಗೆ ಮತ್ತೆ ಮಬ್ಬಾದರೆ ಒಳ್ಳೇ ಸುದ್ದಿ. ತೊಂದರೆ ಹೊರಮೈಯಲ್ಲಿದೆ, ಉಜ್ಜಿದರೆ ಹೋಗುತ್ತದೆ. ಒದ್ದೆ ಇದ್ದಾಗಲೂ ಹಾಗೇ ಮಬ್ಬಾಗಿದ್ದರೆ ಎರಡು ಸಾಧ್ಯತೆ. ಕೋಟಿಂಗ್ ತುಂಬಾ ಆಳಕ್ಕೆ ಹಳದಿಯಾಗಿರಬಹುದು, ಅದೂ ಉಜ್ಜಿದರೆ ಹೋಗುತ್ತದೆ. ಇಲ್ಲಾ ಮಬ್ಬು ಒಳಗಡೆ ಇದೆ. ಒಳಗಿನದ್ದನ್ನು ಹೊರಗಿಂದ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ.

ಒಳಗೆ ನೀರಿನ ಹನಿ, ಆವಿ ಕಾಣುತ್ತಿದ್ದರೆ ಅದೇ ಬೇರೆ ಕೆಲಸ. ಬೆಳಿಗ್ಗೆ ತೆಳ್ಳಗೆ ಆವಿ ಕೂತು, ಲೈಟ್ ಹಾಕಿದ ಸ್ವಲ್ಪ ಹೊತ್ತಿಗೆ ಹೋದರೆ ಅದು ಮಾಮೂಲು, ಹೆಡ್‌ಲೈಟ್‌ಗೆ ಗಾಳಿಯಾಡಲು ಸಣ್ಣ ತೂತುಗಳಿರುತ್ತವೆ. ಹನಿ ನಿಂತು ಕೆಳಗೆ ಹರಿಯುತ್ತಿದ್ದರೆ ಎಲ್ಲೋ ಸೀಲ್ ಬಿಟ್ಟಿದೆ, ಅಥವಾ ಬಲ್ಬಿನ ಹಿಂದಿನ ರಬ್ಬರ್ ಮುಚ್ಚಳ ಸರಿಯಾಗಿ ಕೂತಿಲ್ಲ. ಮೊದಲು ಆ ಮುಚ್ಚಳ ನೋಡಿ, ಬಹಳ ಸಲ ಬಲ್ಬ್ ಬದಲಾಯಿಸಿದವರು ಅದನ್ನು ಅರ್ಧಂಬರ್ಧ ಕೂರಿಸಿರುತ್ತಾರೆ. ನೀರು ಹೋಗಲಿ ಅಂತ ಲೆನ್ಸಿಗೆ ತೂತು ಕೊರೆಯುವ ಸಲಹೆಯನ್ನು ಯಾರಾದರೂ ಕೊಟ್ಟರೆ ನಕ್ಕು ಸುಮ್ಮನಾಗಿ.

ಮುಂದೆ, ಒಂದು ಟಾರ್ಚ್ ತಗೊಂಡು ಲೆನ್ಸಿನ ಪಕ್ಕದಿಂದ, ಮೈಗೆ ತಾಗುವ ಹಾಗೆ ಓರೆಯಾಗಿ ಬಿಡಿ. ಸವೆತ ಮಾತ್ರ ಆಗಿದ್ದರೆ ಮೈಯೆಲ್ಲ ಒಂದೇ ಸಮ ಹೊಗೆ ಹಿಡಿದ ಹಾಗೆ ಕಾಣುತ್ತದೆ. ಆದರೆ ಸಣ್ಣ ಸಣ್ಣ ಗೆರೆಗಳು, ಟಾರ್ಚ್ ಅಲುಗಾಡಿಸಿದಾಗ ಮಿಣಮಿಣ ಮಿಂಚುವ ಬಿರುಕುಗಳು ಕಂಡರೆ ಅವು ಆಳಕ್ಕೆ ಇಳಿದಿರಬಹುದು. ಕೋಟಿಂಗ್‌ನಲ್ಲಷ್ಟೇ ಇದ್ದರೆ ಉಜ್ಜುವಾಗ ಹೋಗುತ್ತವೆ. ಪ್ಲಾಸ್ಟಿಕ್‌ಗೇ ಇಳಿದಿದ್ದರೆ ಹೋಗಲ್ಲ. ಲೈಟಿನ ಒಳಗಿರುವ ಕನ್ನಡಿಯಂಥ ರಿಫ್ಲೆಕ್ಟರ್ ಕಪ್ಪಾಗಿದ್ದರೆ, ಸಿಪ್ಪೆ ಎದ್ದಿದ್ದರೆ, ಅಲ್ಲೂ ಲೆನ್ಸ್ ಉಜ್ಜಿ ಸುಖವಿಲ್ಲ. ಇಂಥ ಹೊತ್ತಲ್ಲಿ ಹೊಸ ಹೆಡ್‌ಲೈಟ್ ಹಾಕುವುದೇ ಸರಿ. 60/55 ವ್ಯಾಟ್‌ನ ಜಾಗಕ್ಕೆ 100/90ರ ಬಲ್ಬ್ ಹಾಕಿ ಓಡಿಸಿದ ಗಾಡಿಗಳಲ್ಲಿ ರಿಫ್ಲೆಕ್ಟರ್ ಹೀಗೆ ಸುಟ್ಟಿರುವುದು ಜಾಸ್ತಿ.

ಗೀರುಗಳ ವಿಷಯಕ್ಕೆ ಉಗುರೇ ಸಾಕು. ಗೀರಿಗೆ ಅಡ್ಡಲಾಗಿ ಉಗುರು ಎಳೆಯಿರಿ. ಸಿಕ್ಕಿಕೊಳ್ಳದಿದ್ದರೆ ಹೋಗುತ್ತದೆ. ಲೈಟಾಗಿ ಸಿಕ್ಕಿಕೊಂಡರೆ ಒರಟು ಪೇಪರ್‌ನಿಂದ ಶುರು ಮಾಡಬೇಕು. ಉಗುರು ನಿಂತೇಬಿಟ್ಟರೆ ಆ ಗೀರನ್ನು ಪೂರ್ತಿ ತೆಗೆಯುವ ಆಸೆ ಬಿಡಿ. ಅದರ ಅಂಚು ಮೆತ್ತಗಾಗಿ, ಕಣ್ಣಿಗೆ ಕಮ್ಮಿ ಬೀಳುವಷ್ಟು ಮಾಡಬಹುದು.

ಟೂತ್‌ಪೇಸ್ಟ್, ಸೋಡಾ, ಸೊಳ್ಳೆ ಸ್ಪ್ರೇ

ಮಬ್ಬು ತೆಗೆಯುವ ಈ ಮನೆಮದ್ದುಗಳನ್ನು ಕೇಳದವರಿಲ್ಲ. ಟೂತ್‌ಪೇಸ್ಟ್‌ನಲ್ಲಿ ಹಲ್ಲು ಉಜ್ಜಲೆಂದು ಹಾಕಿರುವ ನುಣ್ಣನೆ ಪುಡಿ ಇರುತ್ತದೆ, ಹಾಗಾಗಿ ತೀರಾ ತೆಳು ಮಬ್ಬಿದ್ದರೆ ಸ್ವಲ್ಪ ಹೊಳಪು ಬರುತ್ತದೆ. ಸುಳ್ಳಲ್ಲ. ಆದರೆ ಹಳದಿಯಾದ ಕೋಟಿಂಗ್ ತೆಗೆಯುವ ತಾಕತ್ತು ಅದಕ್ಕಿಲ್ಲ, ಬಂದ ಹೊಳಪೂ ಬೇಗ ಹೋಗುತ್ತದೆ. ಅಡುಗೆ ಸೋಡಾ ಮತ್ತು ವಿನೆಗರ್ ಕಲಸಿದರೆ ನೊರೆ ಬರುತ್ತದೆ, ಅಷ್ಟೇ.

ಸೊಳ್ಳೆ ಓಡಿಸುವ ಸ್ಪ್ರೇ ಕಥೆ ಬೇರೆ, ಅದು ಅಪಾಯದ್ದು. ಅಂಥ ಕೆಲವು ಸ್ಪ್ರೇಗಳಲ್ಲಿರುವ ಡೀಟ್ ಅನ್ನುವ ರಾಸಾಯನಿಕ ಪ್ಲಾಸ್ಟಿಕ್‌ನ ಮೇಲ್ಮೈಯನ್ನೇ ಕರಗಿಸುತ್ತದೆ. ಕರಗಿದ ಪ್ಲಾಸ್ಟಿಕ್ ಗೀರುಗಳನ್ನು ತುಂಬಿಕೊಂಡು ಒಂದು ಗಳಿಗೆ ಕನ್ನಡಿ ಹಾಗೆ ಕಾಣುತ್ತದೆ. ವಿಡಿಯೋದಲ್ಲಿ ಚೆನ್ನಾಗಿ ಬರುವುದು ಆ ಗಳಿಗೆಯೇ. ಆಮೇಲೆ ಅಂಟಂಟಾಗಿ, ಇನ್ನೂ ಮಬ್ಬಾಗಿ ಕೂರುತ್ತದೆ. ಥಿನ್ನರ್, ಅಸಿಟೋನ್, ಪೆಟ್ರೋಲ್ ಕೂಡ ಇದೇ ಜಾತಿ, ಲೆನ್ಸ್ ಹತ್ತಿರ ತರಬೇಡಿ, ಮೈತುಂಬಾ ಬಿರುಕು ಬಿಡುತ್ತದೆ. ಈಗ ಕಪ್‌ನಲ್ಲಿ ದ್ರವ ಕಾಯಿಸಿ ಅದರ ಆವಿ ಹಿಡಿಸುವ ಕಿಟ್‌ಗಳೂ ಬಂದಿವೆ. ಅವುಗಳಲ್ಲಿ ಸಾಮಾನ್ಯವಾಗಿ ಇರುವುದು ಕ್ಲೋರಿನ್ ಇರುವ ದ್ರಾವಕ. ಆವಿ ಕುಡಿದರೆ ಮೈಗೆ ಕೆಟ್ಟದ್ದು, ಮನೆಯಲ್ಲಿ ಮಾಡುವ ಕೆಲಸವೇ ಅಲ್ಲ.

ಬೇಕಾಗುವ ಸಾಮಾನು

ಒದ್ದೆ ಮಾಡಿ ಉಜ್ಜುವ ವಾಟರ್ ಪೇಪರ್ 400 ಅಥವಾ 600, ಆಮೇಲೆ 800, 1000, 1500, 2000, ಸಿಕ್ಕರೆ 3000. ನಂಬರ್ ಜಾಸ್ತಿಯಾದಷ್ಟೂ ನುಣುಪು. ಮಾಸ್ಕಿಂಗ್ ಟೇಪ್, ಬಕೆಟ್, ಸ್ಪ್ರೇ ಬಾಟಲಿಯಲ್ಲಿ ನೀರು, ಅದಕ್ಕೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಪೇಪರ್ ಹಿಂದೆ ಇಟ್ಟುಕೊಳ್ಳಲು ಮೆತ್ತನೆ ಸ್ಪಂಜಿನ ತುಂಡು. ಮೈಕ್ರೋಫೈಬರ್ ಬಟ್ಟೆ, ಐಸೊಪ್ರೊಪೈಲ್ ಆಲ್ಕೋಹಾಲ್, ಕೈಗವಸು. ಪಾಲಿಶ್ ಮಾಡುವ ದಾರಿ ಹಿಡಿದರೆ ರಬ್ಬಿಂಗ್ ಕಾಂಪೌಂಡ್ ಮತ್ತು ನುಣ್ಣನೆ ಪಾಲಿಶ್. ಕೊನೆಗೆ ಕೋಟಿಂಗ್. ಅದನ್ನು ಮೊದಲೇ ತಂದಿಟ್ಟುಕೊಂಡು ಆಮೇಲೆ ಉಜ್ಜಲು ಶುರು ಮಾಡಿ. "ಉಜ್ಜಿಡೋಣ, ಕೋಟಿಂಗ್ ಮುಂದಿನ ವಾರ ನೋಡೋಣ" ಅಂದುಕೊಂಡರೆ ಆ ಮುಂದಿನ ವಾರ ಬರಲ್ಲ.

ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ, ಲೈಟ್ ಆರಿಸಿ ಲೆನ್ಸ್ ತಣ್ಣಗಾಗಲು ಬಿಡಿ. ಬಾನೆಟ್ ಎತ್ತಿದರೆ ಲೆನ್ಸಿನ ಮೇಲಂಚಿಗೆ ಕೈ ಹೋಗುತ್ತದೆ. ಸುತ್ತಲಿನ ಬಣ್ಣದ ಮೇಲೆ ಟೇಪ್ ಹಚ್ಚಿ. ಒಂದು ಪದರ ಸಾಲದು, ಎರಡು ಮೂರು ಪದರ ಹಾಕಿ. ಒದ್ದೆ ಪೇಪರ್ ಅಂಚಿಗೆ ನಾಲ್ಕು ಸಲ ತಾಗಿದರೆ ಒಂದು ಪದರ ಹರಿದೇ ಹೋಗುತ್ತದೆ, ಬಂಪರ್ ಬಣ್ಣಕ್ಕೆ ಬಿದ್ದ 400ರ ಗೀರು ತೆಗೆಯುವುದು ಲೆನ್ಸಿನ ಮಬ್ಬು ತೆಗೆಯುವುದಕ್ಕಿಂತ ದೊಡ್ಡ ತಲೆನೋವು. ಹೆಡ್‌ಲೈಟನ್ನು ಪೂರ್ತಿ ಬಿಚ್ಚಿ ಮೇಜಿನ ಮೇಲಿಟ್ಟು ಮಾಡಿದರೆ ಕೆಲಸ ಇನ್ನೂ ಚೆಂದ. ಆದರೆ ಬಹಳ ಗಾಡಿಗಳಲ್ಲಿ ಅದಕ್ಕೆ ಬಂಪರ್ ಬಿಚ್ಚಬೇಕು, ಆಮೇಲೆ ಬೆಳಕಿನ ಎತ್ತರವನ್ನೂ ಮತ್ತೆ ಹೊಂದಿಸಬೇಕು.

ಉಜ್ಜುವುದು

ಯಾವ ನಂಬರ್‌ನಿಂದ ಶುರು ಮಾಡಬೇಕು ಅನ್ನುವುದು ಲೆನ್ಸ್ ನೋಡಿ ತೀರ್ಮಾನ. ಕೋಟಿಂಗ್ ಅಲ್ಲಲ್ಲಿ ಸಿಪ್ಪೆ ಎದ್ದು ನಕಾಶೆ ತರಹ ಗಡಿಗಳು ಕಾಣುತ್ತಿದ್ದರೆ, ಅಥವಾ ಉಗುರಿಗೆ ಸಿಗುವ ಗೀರು ಇದ್ದರೆ 400 ಇಲ್ಲವೇ 600. ಬರೀ ಹಳದಿ ಮಬ್ಬಾದರೆ 800 ಅಥವಾ 1000 ಸಾಕು. ಅನುಮಾನ ಇದ್ದರೆ ನುಣ್ಣನೆಯದನ್ನು ಮೂಲೆಯಲ್ಲಿ ಸ್ವಲ್ಪ ಹೊತ್ತು ಉಜ್ಜಿ ನೋಡಿ. ಹಳದಿ ಕದಲದಿದ್ದರೆ ಒಂದು ಮೆಟ್ಟಿಲು ಒರಟಿಗೆ ಇಳಿಯಿರಿ.

ಪೇಪರ್‌ಗಳನ್ನು ಹತ್ತು ಹದಿನೈದು ನಿಮಿಷ ನೀರಿನಲ್ಲಿ ನೆನೆಸಿ. ಲೆನ್ಸ್ ಒದ್ದೆ ಮಾಡಿ, ಸ್ಪಂಜಿಗೆ ಪೇಪರ್ ಸುತ್ತಿ, ಹಗುರ ಒತ್ತಡದಲ್ಲಿ ಎಡಕ್ಕೆ ಬಲಕ್ಕೆ ಉಜ್ಜಿ. ಬೆರಳ ತುದಿಯಿಂದ ಒತ್ತಬೇಡಿ, ಬೆರಳು ಬಿದ್ದ ಜಾಗದಲ್ಲೆಲ್ಲ ಗುಂಡಿಯಾಗುತ್ತದೆ. ಸುತ್ತ ತಿರುಗಿಸಿ ಉಜ್ಜುವುದೂ ಬೇಡ. ಈ ನಂಬರ್‌ಗೆ ಅಡ್ಡ, ಮುಂದಿನ ನಂಬರ್‌ಗೆ ಲಂಬ, ಅದರ ಮುಂದಿನದಕ್ಕೆ ಮತ್ತೆ ಅಡ್ಡ. ಹೀಗೆ ಮಾಡಿದರೆ ಹಿಂದಿನ ಪೇಪರ್‌ನ ಗೆರೆಗಳು ಇನ್ನೂ ಉಳಿದಿವೆಯಾ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಇಲ್ಲಿ ಕಣ್ಣಿಡಬೇಕಾದದ್ದು ಇಳಿಯುವ ನೀರಿನ ಮೇಲೆ. ಮೊದಲಿಗೆ ಹಳದಿ, ಕೆಲವೊಮ್ಮೆ ಕಂದು ಬಣ್ಣದ ರಾಡಿ ಇಳಿಯುತ್ತದೆ, ಅದು ಸತ್ತ ಕೋಟಿಂಗ್. ಉಜ್ಜುತ್ತಾ ಹೋದ ಹಾಗೆ ಬೆಳ್ಳಗಾಗುತ್ತಾ ಬಂದು, ಕೊನೆಗೆ ಹಾಲಿನ ಹಾಗೆ ಬಿಳೀ ನೀರು ಇಳಿಯುತ್ತದೆ. ಆಗ ಪೇಪರ್ ಪ್ಲಾಸ್ಟಿಕ್ ಮುಟ್ಟಿದೆ. ಕೈಗೂ ಗೊತ್ತಾಗುತ್ತದೆ. ಕೋಟಿಂಗ್ ಇರುವ ಕಡೆ ಪೇಪರ್ ಜಾರುತ್ತದೆ, ಅದು ಹೋದ ಕಡೆ ಒಂದೇ ಸಮನಾಗಿ ಹಿಡಿಯುತ್ತದೆ. ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಿಸಿ ನೋಡಿ. ಒದ್ದೆ ಲೆನ್ಸ್ ಯಾವಾಗಲೂ ಮೋಸ ಮಾಡುತ್ತದೆ, ಇಲ್ಲದ ತಿಳಿಯನ್ನು ತೋರಿಸುತ್ತದೆ. ಒಣಗಿದಾಗ ಅಲ್ಲಲ್ಲಿ ಹೊಳೆಯುವ ದ್ವೀಪಗಳು, ಅವುಗಳ ಸುತ್ತ ಗಡಿಗೆರೆ ಕಂಡರೆ ಅಲ್ಲಿ ಹಳೇ ಕೋಟಿಂಗ್ ಇನ್ನೂ ಕೂತಿದೆ. ಬಿಡಬೇಡಿ. ಅದರ ಮೇಲೆ ಹೊಸ ಕೋಟಿಂಗ್ ಹಾಕಿದರೆ ಆ ಗಡಿ ಎದ್ದು ಕಾಣುತ್ತದೆ, ಸಿಪ್ಪೆ ಏಳುವುದೂ ಅಲ್ಲಿಂದಲೇ. ಮೂಲೆಗಳು, ಕೆಳ ಅಂಚು, ಬಾನೆಟ್‌ಗೆ ಅಂಟಿಕೊಂಡ ಮೇಲಂಚು, ಎಲ್ಲರೂ ತಪ್ಪಿಸುವುದು ಈ ಜಾಗಗಳನ್ನೇ.

ಮೊದಲ ಪೇಪರ್‌ಗೆ ಒಟ್ಟು ಸಮಯದ ಅರ್ಧ ಹೋದರೂ ಪರವಾಗಿಲ್ಲ, ಹೋಗಲೇಬೇಕು. ಈ ಹಂತದಲ್ಲಿ ಲೆನ್ಸ್ ನೋಡಿದರೆ ಎದೆ ಧಸಕ್ಕೆನ್ನುತ್ತದೆ, ಶುರು ಮಾಡಿದ್ದಕ್ಕಿಂತ ಕೆಟ್ಟದಾಗಿ ಬೆಳ್ಳಗೆ ಮಂಜು ಕವಿದ ಹಾಗಿರುತ್ತದೆ. ಹಾಗೇ ಇರಬೇಕು. ಈಗ ನೋಡಬೇಕಾದ್ದು ಹೊಳಪನ್ನಲ್ಲ. ಇಡೀ ಲೆನ್ಸ್ ಅಂಚಿನಿಂದ ಅಂಚಿಗೆ ಒಂದೇ ಸಮ ಮಂಕಾಗಿದೆಯಾ ಅಷ್ಟೇ.

ಒಂದು ಆಳದ ಗೀರಿದೆ ಅಂತ ಅದೊಂದರ ಮೇಲೇ ಕೂತು ಉಜ್ಜಬೇಡಿ. ಅಲ್ಲಿ ತಗ್ಗು ಬಿದ್ದರೆ ಬೆಳಕು ಅಲ್ಲಿ ಬಾಗುತ್ತದೆ. ಸುತ್ತಲಿನ ಅಗಲ ಜಾಗ ಸೇರಿಸಿಕೊಂಡು, ಹೊರಗೆ ಹೋದ ಹಾಗೆ ಒತ್ತಡ ಕಮ್ಮಿ ಮಾಡುತ್ತಾ ಉಜ್ಜಿ. ಲೆನ್ಸ್ ಮೇಲೆ ಉಬ್ಬಿದ ಸಣ್ಣ ಅಕ್ಷರ, ಗುರುತುಗಳಿದ್ದರೆ ಅವನ್ನು ಬಿಟ್ಟು ಸುತ್ತ ಉಜ್ಜಿ, ಅವು ಲೈಟಿನ ಮಾನ್ಯತೆಯ ಗುರುತು.

ಪೇಪರ್ ಬದಲಿಸುವಾಗಲೆಲ್ಲ ಲೆನ್ಸ್ ತೊಳೆಯಿರಿ, ಬಕೆಟ್ ನೀರು ಚೆಲ್ಲಿ ಹೊಸದು ಹಾಕಿ, ಸ್ಪಂಜನ್ನೂ ಹಿಂಡಿ ತೊಳೆಯಿರಿ. 400ರ ಒಂದೇ ಒಂದು ಕಣ 2000ದ ಪೇಪರ್ ಕೆಳಗೆ ಸಿಕ್ಕಿಕೊಂಡರೆ ಉದ್ದಕ್ಕೆ ಗೀರು ಎಳೆದುಬಿಡುತ್ತದೆ, ಮತ್ತೆ ಎರಡು ಮೆಟ್ಟಿಲು ಹಿಂದಕ್ಕೆ ಹೋಗಬೇಕು. ನಡುವಿನ ನಂಬರ್ ಹಾರಿಸುವ ಆಸೆಯೂ ಬೇಡ. 600ರಿಂದ ನೇರ 2000ಕ್ಕೆ ಹೋದರೆ 600ರ ಗೆರೆಗಳು ಹೋಗಲ್ಲ, ಅವುಗಳ ಮೇಲೆ ಹೊಳಪು ಕೂರುತ್ತದೆ ಅಷ್ಟೇ. ಹಗಲಿನಲ್ಲಿ ಗೊತ್ತಾಗಲ್ಲ, ರಾತ್ರಿ ಲೈಟ್ ಹಾಕಿದಾಗ ಪ್ರತಿ ಗೆರೆಯೂ ಕಾಣುತ್ತದೆ.

ಇಲ್ಲಿಂದ ದಾರಿ ಎರಡು

ಎಲ್ಲಿಯವರೆಗೆ ಉಜ್ಜಬೇಕು ಅನ್ನುವುದು ನೀವು ಹಚ್ಚಲಿರುವ ಕೋಟಿಂಗ್ ಮೇಲೆ ನಿಂತಿದೆ. ಬಹಳ ಜನಕ್ಕೆ ಗೊತ್ತಿರದ ವಿಷಯ ಇದು.

ಸ್ಪ್ರೇ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪೇಂಟ್, ಹೊಡೆಯುವುದಾದರೆ ಪಾಲಿಶ್ ಮಾಡಲೇಬೇಡಿ. 1000ದ ಆಸುಪಾಸಿನಲ್ಲಿ ನಿಲ್ಲಿಸಿ, ಡಬ್ಬಿಯ ಮೇಲೆ ಬೇರೆ ನಂಬರ್ ಬರೆದಿದ್ದರೆ ಅದೇ ಸರಿ. ಕನ್ನಡಿಯಂಥ ನುಣುಪು ಮೈಗೆ ಕ್ಲಿಯರ್ ಕಚ್ಚಿಕೊಳ್ಳಲ್ಲ, ಹಿಡಿತಕ್ಕೆ ಸ್ವಲ್ಪ ಒರಟು ಬೇಕು. ಮಂಕು ಲೆನ್ಸ್ ಮೇಲೆ ಹೊಡೆದರೆ ಹೇಗೆ ತಿಳಿಯಾಗುತ್ತದೆ ಅಂತ ಹೆದರಿಕೆ ಬೇಡ. ಕ್ಲಿಯರ್ ಆ ಸಣ್ಣ ಗೆರೆಗಳಿಗೆಲ್ಲ ತುಂಬಿಕೊಂಡು ಮೇಲೆ ಸಮತಟ್ಟಾಗುತ್ತದೆ. ಮೊದಲೇ ಅಂದಾಜು ಬೇಕಿದ್ದರೆ ನೀರು ಚಿಮುಕಿಸಿ ನೋಡಿ. ನೀರು ಹಾಕಿದಾಗ ಹೇಗೆ ಕಾಣುತ್ತದೋ ಕ್ಲಿಯರ್ ಹೊಡೆದ ಮೇಲೆ ಹೆಚ್ಚುಕಮ್ಮಿ ಹಾಗೇ.

ಅಂಗಡಿಯಲ್ಲಿ ಸಿಗುವ ಲೆನ್ಸ್ ಉಜ್ಜುವ ಕಿಟ್‌ನಲ್ಲಿ ಬರುವ, ಬಟ್ಟೆಯಲ್ಲಿ ಒರೆಸುವ ತೆಳು ಕೋಟಿಂಗ್ ಆದರೆ 2000 ಅಥವಾ 3000ದವರೆಗೆ ಹೋಗಿ. ಆಮೇಲೆ ಪಾಲಿಶ್ ಬೇಕೋ ಬೇಡವೋ ಅಂತ ಆ ಕಿಟ್‌ನ ಸೂಚನೆ ನೋಡಿ, ಎಲ್ಲ ಕಿಟ್‌ಗೂ ಒಂದೇ ನಿಯಮ ಇಲ್ಲ.

ಪಾಲಿಶ್ ಕೈಯಲ್ಲೇ ಮಾಡಬಹುದು, ತೋಳು ನೋಯುತ್ತದೆ ಅಷ್ಟೇ. ಡ್ರಿಲ್‌ಗೆ ಸ್ಪಂಜ್ ಪ್ಯಾಡ್ ಹಾಕಿ ಮಾಡುವುದಾದರೆ ವೇಗ ಕಮ್ಮಿ ಇಡಿ, ಪ್ಯಾಡ್ ಒಂದೇ ಕಡೆ ನಿಲ್ಲಿಸಬೇಡಿ, ಆಗಾಗ ಲೆನ್ಸ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈಗೆ ಸುಡುವಷ್ಟಾದರೆ ನಿಲ್ಲಿಸಿ. ಪಾಲಿಕಾರ್ಬೋನೇಟ್ ಮೆತ್ತಗಾಗುವುದು ಸುಮಾರು 147 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬಹಳ ದೂರ ಅನ್ನಿಸಬಹುದು, ಆದರೆ ಒಣಗಿದ ಪ್ಯಾಡ್ ಒಂದೇ ಜಾಗದಲ್ಲಿ ಜೋರಾಗಿ ತಿರುಗಿದರೆ ಮೇಲ್ಮೈ ಕದಡಿ ಕಲೆಯಾಗಲು ಹೊತ್ತು ಬೇಡ. ಅಂಥ ಕಲೆ ಹೋಗಬೇಕೆಂದರೆ ಮತ್ತೆ ಪೇಪರ್‌ನಿಂದ ಶುರು.

ಕೋಟಿಂಗ್

ಜಾಸ್ತಿ ದಿನ ಬರುವುದು 2ಕೆ ಕ್ಲಿಯರ್ ಕೋಟ್. ಹಾರ್ಡ್ನರ್ ಜೊತೆ ಬೆರೆತು ಗಟ್ಟಿಯಾಗುವ ಬಗೆ. ಸ್ಪ್ರೇ ಡಬ್ಬಿಯಲ್ಲೇ ಸಿಗುತ್ತದೆ, ತಳದಲ್ಲಿರುವ ಪಿನ್ ಒತ್ತಿದರೆ ಒಳಗೆ ಹಾರ್ಡ್ನರ್ ಬೆರೆಯುತ್ತದೆ. ಯುವಿ ತಡೆಯುವಂಥದ್ದು, ಹೆಡ್‌ಲೈಟ್‌ಗೆ ಅಥವಾ ಪಾಲಿಕಾರ್ಬೋನೇಟ್‌ಗೆ ಆಗುತ್ತದೆ ಅಂತ ಡಬ್ಬಿ ಮೇಲೆ ಬರೆದಿರಬೇಕು. ಸರಿಯಾಗಿ ಮಾಡಿದರೆ ಕೆಲವು ವರ್ಷ ನಿಲ್ಲುತ್ತದೆ. ಮಾಮೂಲಿ ಕ್ಲಿಯರ್ ಲ್ಯಾಕರ್ ಡಬ್ಬಿ ಬೇರೆ, ಅದರ ದ್ರಾವಕ ಲೆನ್ಸಿಗೇ ಬಿರುಕು ತರಬಹುದು, ಬೇಗ ಹಳದಿಯೂ ಆಗುತ್ತದೆ.

2ಕೆ ಬಗ್ಗೆ ಒಂದು ಎಚ್ಚರಿಕೆ, ಇದನ್ನು ಹಗುರವಾಗಿ ತಗೋಬೇಡಿ. ಅದರ ಹಾರ್ಡ್ನರ್‌ನಲ್ಲಿ ಐಸೋಸಯನೇಟ್ ಇರುತ್ತದೆ, ಉಸಿರಿಗೆ ಹೋದರೆ ಅಸ್ತಮಾ ತರಿಸಬಲ್ಲದು, ಒಮ್ಮೆ ಮೈ ಒಗ್ಗದೇ ಹೋದರೆ ಆಮೇಲೆ ಸ್ವಲ್ಪವೂ ತಡೆಯಲ್ಲ. ಬಟ್ಟೆ ಮಾಸ್ಕ್, ಧೂಳಿನ ಮಾಸ್ಕ್ ಇದಕ್ಕೆ ಉಪಯೋಗವಿಲ್ಲ. ಪೇಂಟ್ ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್, ಕನ್ನಡಕ, ಕೈಗವಸು ಬೇಕೇ ಬೇಕು. ಮುಚ್ಚಿದ ಗ್ಯಾರೇಜ್‌ನಲ್ಲಿ ಬೇಡ, ಮಕ್ಕಳು ಸುತ್ತಮುತ್ತ ಬೇಡ. ಇಷ್ಟೆಲ್ಲ ಆಗದು ಅನ್ನುವವರು ಒರೆಸುವ ಕೋಟಿಂಗ್ ಹಾಕಿ, ಇಲ್ಲವೇ ಉಜ್ಜುವುದನ್ನು ನೀವು ಮಾಡಿಕೊಂಡು ಕ್ಲಿಯರ್ ಹೊಡೆಯುವುದನ್ನು ಗಾಡಿ ಪೇಂಟರ್‌ಗೆ ಕೊಡಿ. ಅವರಿಗೆ ಅದು ಹತ್ತು ನಿಮಿಷದ ಕೆಲಸ.

ಹೊಡೆಯುವ ಮುಂಚೆ ಟೇಪ್ ಕಿತ್ತು ಹೊಸದು ಹಚ್ಚಿ. ಹಳೇ ಟೇಪ್ ಅಡಿಯಲ್ಲಿ ರಾಡಿ ಸೇರಿಕೊಂಡಿರುತ್ತದೆ. ಬಾನೆಟ್, ಬಂಪರ್, ಚಕ್ರದವರೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ತುಂತುರು ನೀವು ಅಂದುಕೊಂಡದ್ದಕ್ಕಿಂತ ದೂರ ಹೋಗುತ್ತದೆ. ಲೆನ್ಸ್ ಪೂರ್ತಿ ಒಣಗಿರಬೇಕು, ಅಂಚಿನ ಸಂದಿಯಲ್ಲಿ ಕೂತ ನೀರು ಆಮೇಲೆ ಜಿನುಗಿ ಬಂದು ಹಾಳುಮಾಡುತ್ತದೆ. ಆಲ್ಕೋಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸಿ, ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಎಣ್ಣೆ ಇದ್ದ ಕಡೆ ಕ್ಲಿಯರ್ ಮೀನಿನ ಕಣ್ಣಿನಂತೆ ಗುಂಡಗೆ ಬಿಟ್ಟುಕೊಳ್ಳುತ್ತದೆ.

ಗಾಳಿ ಇಲ್ಲದ, ಬಿಸಿಲು ಬೀಳದ ಹೊತ್ತು ನೋಡಿಕೊಳ್ಳಿ. ಮೊದಲ ಕೋಟ್ ತೆಳ್ಳಗೆ, ಮಂಜು ಕೂತ ಹಾಗೆ ಇರಲಿ, ಪೂರ್ತಿ ಮುಚ್ಚಬೇಕೆಂದೇನಿಲ್ಲ. ಡಬ್ಬಿಯಲ್ಲಿ ಹೇಳಿದಷ್ಟು ನಿಮಿಷ ಬಿಟ್ಟು ಎರಡನೆಯದು, ಬೇಕಿದ್ದರೆ ಮೂರನೆಯದು, ಇವು ಒದ್ದೆಯಾಗಿ ಹೊಳೆಯುವಷ್ಟು. ಡಬ್ಬಿಯನ್ನು ಒಂದು ಗೇಣು ದೂರದಲ್ಲಿ ಹಿಡಿದು, ಲೆನ್ಸಿನ ಆಚೆಯಿಂದ ಶುರು ಮಾಡಿ ಈಚೆ ದಾಟಿದ ಮೇಲೆ ಬಟನ್ ಬಿಡಿ. ಸೊಳ್ಳೆಯೊಂದು ಬಂದು ಅಂಟಿಕೊಂಡರೆ, ಅಥವಾ ಎಲ್ಲಾದರೂ ಸೋರಿದರೆ ಕೈ ಹಾಕಬೇಡಿ. ಪೂರ್ತಿ ಗಟ್ಟಿಯಾದ ಮೇಲೆ 2000ದ ಪೇಪರ್‌ನಲ್ಲಿ ಮೆಲ್ಲಗೆ ಉಜ್ಜಿ ಪಾಲಿಶ್ ಮಾಡಿದರೆ ಹೋಗುತ್ತದೆ. ಟೇಪನ್ನು ಮಾತ್ರ ಕ್ಲಿಯರ್ ಇನ್ನೂ ಮೆತ್ತಗಿರುವಾಗಲೇ, ಹಿಂದಕ್ಕೆ ಮಡಚಿ ನಿಧಾನವಾಗಿ ಎಳೆಯಿರಿ. ಗಟ್ಟಿಯಾಗಲು ಬಿಟ್ಟರೆ ಅಂಚು ಒಡೆದು ಬರುತ್ತದೆ.

ಒರೆಸುವ ಕೋಟಿಂಗ್‌ನಲ್ಲಿ ಇಷ್ಟು ರಾಮಾಯಣ ಇಲ್ಲ. ಬಟ್ಟೆಗೆ ಹಾಕಿಕೊಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಎಳೆತ, ಪಕ್ಕದ ಎಳೆತ ಅದರ ಮೇಲೆ ಸ್ವಲ್ಪ ಹಾಯಬೇಕು. ಒಣಗಲು ಶುರುವಾದ ಕಡೆ ಮತ್ತೆ ಹಿಂದೆ ಹೋಗಿ ಒರೆಸಿದರೆ ಗೆರೆ ಬೀಳುತ್ತದೆ, ಆ ಚಪಲ ತಡೆದುಕೊಳ್ಳಿ. ಬರೀ ವ್ಯಾಕ್ಸ್ ಹಚ್ಚಿದರೆ ಸಾಲದಾ ಅಂತ ಕೇಳುವವರಿದ್ದಾರೆ. ಸಾಲದು, ಅದು ಕೆಲವು ವಾರದ ಮಾತು. ಹೆಡ್‌ಲೈಟ್‌ಗೆಂದೇ ಬರುವ, ಯುವಿ ತಡೆಯುವ ಪಾರದರ್ಶಕ ಫಿಲ್ಮ್ ಅಂಟಿಸುವುದು ಮಾತ್ರ ಒಳ್ಳೇ ದಾರಿ. ಲೆನ್ಸ್ ಪೂರ್ತಿ ಪಾಲಿಶ್ ಮಾಡಿ ಅದರ ಮೇಲೆ ಅಂಟಿಸಿದರೆ ಕಲ್ಲಿನ ಏಟೂ ತಡೆಯುತ್ತದೆ, ಹಾಳಾದಾಗ ಕಿತ್ತು ಹೊಸದು ಹಾಕಬಹುದು. ತಿರುವು ಜಾಸ್ತಿ ಇರುವ ಲೆನ್ಸಿಗೆ ಸುಕ್ಕಿಲ್ಲದೆ ಅಂಟಿಸಲು ಕೈ ಪಳಗಿರಬೇಕು, ಅಷ್ಟೇ.

ಆಮೇಲೆ

2ಕೆ ಆದರೆ ಒಂದು ದಿನ ಗಾಡಿ ನೆರಳಿನಲ್ಲೇ ಇರಲಿ, ಒಂದು ವಾರ ಶಾಂಪೂ, ಜೆಟ್ ನೀರು ತಾಗಿಸಬೇಡಿ. ಆಮೇಲೂ ಧೂಳು ಕೂತ ಲೆನ್ಸನ್ನು ಒಣ ಬಟ್ಟೆಯಲ್ಲಿ ಒರೆಸುವ ಅಭ್ಯಾಸ ಬಿಡಿ, ಆ ಧೂಳೇ ಪೇಪರ್ ಕೆಲಸ ಮಾಡುತ್ತದೆ. ಎರಡೂ ಲೈಟ್ ಒಟ್ಟಿಗೇ ಮಾಡಿ, ಒಂದೇ ಮಾಡಿದರೆ ಬೆಳಕು ಒಂದು ಕಡೆ ಬಿಳಿ, ಇನ್ನೊಂದು ಕಡೆ ಹಳದಿ.

ರಾತ್ರಿ ಗೋಡೆಯ ಮುಂದೆ ಗಾಡಿ ನಿಲ್ಲಿಸಿ ಲೋ ಬೀಮ್ ಹಾಕಿ ನೋಡಿ. ಮಬ್ಬಿದ್ದಾಗ ಕಲಸಿಕೊಂಡಿದ್ದ ಬೆಳಕಿನ ಮೇಲಂಚು ಈಗ ಗೆರೆ ಎಳೆದ ಹಾಗೆ ಕಾಣಬೇಕು. ಆ ಗೆರೆ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ ಇದ್ದರೆ ಹೆಡ್‌ಲೈಟ್ ಹಿಂದಿನ ಸ್ಕ್ರೂ ತಿರುಗಿಸಿ ಹೊಂದಿಸಿ. ಮಬ್ಬು ಲೆನ್ಸ್ ಇದ್ದಷ್ಟು ದಿನ ಬೆಳಕು ಸಾಲದೆ ಯಾರೋ ಬೀಮ್ ಮೇಲಕ್ಕೆತ್ತಿರುವುದು ಅಪರೂಪವೇನಲ್ಲ.

2ಕೆ ಡಬ್ಬಿಯ ಪಿನ್ ಒಮ್ಮೆ ಒತ್ತಿದ ಮೇಲೆ ಎತ್ತಿಡಲು ಆಗಲ್ಲ, ಒಳಗೇ ಗಟ್ಟಿಯಾಗುತ್ತದೆ. ಹಾಗಾಗಿ ಫಾಗ್ ಲ್ಯಾಂಪ್ ಮಬ್ಬಾಗಿದ್ದರೆ ಅದನ್ನೂ ಅದೇ ದಿನ ಉಜ್ಜಿ ರೆಡಿ ಇಟ್ಟುಕೊಳ್ಳಿ, ಅದರ ಲೆನ್ಸ್ ಗಾಜಿನದಲ್ಲ ಅಂತ ಒಮ್ಮೆ ತಟ್ಟಿ ನೋಡಿಕೊಂಡು. ಹೆಲ್ಮೆಟ್‌ನ ವೈಸರ್ ಕೂಡ ಪಾಲಿಕಾರ್ಬೋನೇಟೇ ಅಲ್ವಾ, ಉಳಿದದ್ದು ಅದಕ್ಕೆ ಹೊಡೆಯೋಣ ಅಂತ ಮಾತ್ರ ಹೋಗಬೇಡಿ. ಅದರ ಮೂಲಕ ಕಣ್ಣು ನೇರ ನೋಡಬೇಕು, ದ್ರಾವಕ ತಾಗಿ ಅದರ ಗಟ್ಟಿತನ ಹೋದರೆ ಏಟು ಬಿದ್ದಾಗ ಮುಖಕ್ಕೇ ಒಡೆಯುತ್ತದೆ. ಗೀರು ಬಿದ್ದ ವೈಸರ್ ತೆಗೆದು ಹೊಸದು ಹಾಕಿ.